ದೇಣಿಗೆ ರಸೀದಿಯ ಒಂದು ಅಕ್ಷರ: ನನ್ನ ಅನುಭವ

ನಮ್ಮ ಶಾಲಾ ಟ್ರಸ್ಟಿನ ಲೆಕ್ಕಪತ್ರ ನೋಡಿಕೊಳ್ಳುವ ನನಗೆ 2023-24ರ ದೇಣಿಗೆಗಳ ಫಾರಂ 10ಬಿಡಿ (ದೇಣಿಗೆಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಕೊಡುವ ಪಟ್ಟಿ) ಸಲ್ಲಿಸಿ ಆದ ಮೇಲೆ ಹಿರಿಯ ದಾನಿಯೊಬ್ಬರು ಕರೆಮಾಡಿ, ಚೆಕ್ ಮೂಲಕ ಕೊಟ್ಟ ದೇಣಿಗೆಗೆ ಪ್ರಮಾಣಪತ್ರ ಬಂದಿದ್ದರೂ ಅದರಲ್ಲಿರುವ ಪ್ಯಾನ್ ಸಂಖ್ಯೆ ತಮ್ಮದಲ್ಲ ಎಂದು ತಿಳಿಸಿದರು.

ಹಳೆಯ ರಸೀದಿ ಪುಸ್ತಕದ ನಕಲು ಪ್ರತಿ ತೆಗೆದು ನೋಡಿದೆ. ಕಾರ್ಬನ್ ಕಾಗದದ ಮಸುಕಿನಲ್ಲಿ ಪ್ಯಾನಿನ ಕೊನೆಯ ಅಕ್ಷರ ‘ಯು’ವೋ ‘ವಿ’ಯೋ ತಿಳಿಯುವಂತಿರಲಿಲ್ಲ, ಐದು ಅಕ್ಷರ, ನಾಲ್ಕು ಅಂಕಿ, ಮತ್ತೊಂದು ಅಕ್ಷರವೆಂಬ ಕ್ರಮ ಸರಿಯಾಗಿಯೇ ಇದ್ದುದರಿಂದ ತಪ್ಪು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ನಾವು ಕೈಯಲ್ಲಿ ಬರೆದುಕೊಟ್ಟ ರಸೀದಿಯೊಂದೇ ದೇಣಿಗೆಗೆ ಸಿಗುವ 80ಜಿ ತೆರಿಗೆ ವಿನಾಯಿತಿಗೆ ಸಾಲದೆ, ಆದಾಯ ತೆರಿಗೆ ಪೋರ್ಟಲಿನಿಂದ ಇಳಿಸಿಕೊಂಡ ಫಾರಂ 10ಬಿಇ ಎಂಬ ದೇಣಿಗೆ ಪ್ರಮಾಣಪತ್ರವೇ ಬೇಕಾಗಿದ್ದುದರಿಂದ, ದಾನಿಯ ಪ್ಯಾನ್ ಕಾರ್ಡಿನ ಪ್ರತಿ ತರಿಸಿಕೊಂಡು, ಪರಿಷ್ಕೃತ 10ಬಿಡಿ ಸಲ್ಲಿಸಿ, ಹೊಸ ಪ್ರಮಾಣಪತ್ರವನ್ನು ಅವರ ಮನೆಗೇ ಒಯ್ದು ಕೊಟ್ಟೆ.

ಅದೇ ನೆಪದಲ್ಲಿ ಉಳಿದ ರಸೀದಿಗಳನ್ನೂ ಪರಿಶೀಲಿಸಿದಾಗ, 2,000 ರೂಪಾಯಿಗಿಂತ ಹೆಚ್ಚಿನ ಒಂದು ನಗದು ದೇಣಿಗೆ ಸಿಕ್ಕಿತು. ಅದಕ್ಕೆ ವಿನಾಯಿತಿ ದೊರೆಯದೆಂದು ಆ ದಾನಿಗೆ ಮೊದಲೇ ಹೇಳಬೇಕಾಗಿತ್ತು, ಆ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ಮಕ್ಕಳ ಶುಲ್ಕ ದೇಣಿಗೆಯಲ್ಲವಾದ್ದರಿಂದ ಅದಕ್ಕೆ ಬೇರೆಯದೇ ರಸೀದಿ ಪುಸ್ತಕವಿಟ್ಟೆವು. ಈಗ ಪ್ಯಾನ್ ಸಂಖ್ಯೆಯನ್ನು ದಾನಿಯ ಎದುರಿನಲ್ಲೇ ಗಟ್ಟಿಯಾಗಿ ಓದಿ, ಅವರು ಹೌದೆಂದ ಮೇಲೆಯೇ ರಸೀದಿ ಹರಿದು ಕೊಡುತ್ತೇವೆ.