ಏಳೂವರೆಯ ಮೀಟಿಂಗ್ ಆರೂವರೆಗೆ ಜಾರಿದರೆ

ಮಾರ್ಚ್ ಎರಡನೇ ಭಾನುವಾರದ ಮರುದಿನ ಬೆಳಗಾವಿಯ ಉದ್ಯಮಬಾಗದಲ್ಲಿ ಈ ಫಜೀತಿ ಪ್ರತಿವರ್ಷದ್ದು. ನ್ಯೂಯಾರ್ಕ್ ಗ್ರಾಹಕರ ವಾರದ ಕರೆ ಸಂಜೆ 7.30ಕ್ಕೆ ಎಂದು ಎಲ್ಲರೂ ಚಹಾಕ್ಕೆ ಹೋಗಿರುತ್ತಾರೆ. ಗ್ರಾಹಕರು 6.30ಕ್ಕೇ ಬಂದು ಕಾಯುತ್ತಿರುತ್ತಾರೆ. ಆಮೇಲೆ ಯಾರೋ ಕ್ಯಾಲೆಂಡರ್ ತೆರೆದು ಆ ಮೀಟಿಂಗನ್ನು ಮೌಸಿನಿಂದ ಹಿಡಿದು ಒಂದು ತಾಸು ಮೇಲಕ್ಕೆ ಎಳೆಯುತ್ತಾರೆ. ಅದನ್ನು ಮಾತ್ರ ಮಾಡಬೇಡಿ. ನವೆಂಬರ್‌ನಲ್ಲಿ ಅದೇ ತಪ್ಪು ಉಲ್ಟಾ ಆಗಿ ಬರುತ್ತದೆ.

ಮೊದಲು ಇದು ತಪ್ಪೋ ಅಲ್ಲವೋ ನೋಡಿ. ನಮ್ಮ ಗಡಿಯಾರ ವರ್ಷಪೂರ್ತಿ ಯುಟಿಸಿಗಿಂತ, ಅಂದರೆ ಜಗತ್ತಿನ ಪ್ರಮಾಣ ಸಮಯಕ್ಕಿಂತ, ಐದೂವರೆ ತಾಸು ಮುಂದೆ, ಅದು ಕದಲುವುದಿಲ್ಲ. ಕದಲುವುದು ಅವರದು. ಅಮೆರಿಕದಲ್ಲಿ ಡೇಲೈಟ್ ಸೇವಿಂಗ್ (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ತಾಸು ಮುಂದಿಡುವ ಪದ್ಧತಿ) ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ. ಬ್ರಿಟನ್ ಮತ್ತು ಯುರೋಪ್ ಒಕ್ಕೂಟದಲ್ಲಿ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ. ನ್ಯೂಯಾರ್ಕಿನ ಬೆಳಗಿನ 9 ನಮಗೆ ಚಳಿಗಾಲದಲ್ಲಿ ಸಂಜೆ 7.30, ಬೇಸಿಗೆಯಲ್ಲಿ 6.30. ಗ್ರಾಹಕ ತನ್ನ 9ಕ್ಕೇ ಕೂತಿದ್ದರೆ ನಮ್ಮ ಕ್ಯಾಲೆಂಡರಿನಲ್ಲಿ ಸಮಯ ಬದಲಾಗಲೇಬೇಕು. ಬದಲಾಗದಿದ್ದರೆ ಅದೇ ದೋಷ.

ಈಗ ಕೆಲಸದ ಗಟ್ಟಿ ಭಾಗ. ಪ್ರತಿ ವಾರ ಮರುಕಳಿಸುವ ಮೀಟಿಂಗಿಗೆ ಒಂದು ಟೈಮ್ ಝೋನ್ ಅಂಟಿಕೊಂಡಿರುತ್ತದೆ. ಅದನ್ನು ಬೆಳಗಾವಿಯಲ್ಲಿ ಕೂತು ಮಾಡಿದ್ದರೆ ಸುಮ್ಮನೆ ಕೋಲ್ಕತ್ತ ಝೋನ್ (ಭಾರತದ ಸಮಯಕ್ಕೆ ಪಟ್ಟಿಯಲ್ಲಿರುವ ಹೆಸರು) ಬಿದ್ದಿರುತ್ತದೆ. ಹಾಗಾಗಿ ಅದು ವರ್ಷವಿಡೀ ನಮ್ಮ 7.30ಕ್ಕೇ ನಿಲ್ಲುತ್ತದೆ, ಜಾರುವುದು ಗ್ರಾಹಕನ ಕಡೆ. ಯಾರ ಗಡಿಯಾರಕ್ಕೆ ಮೀಟಿಂಗ್ ಬದ್ಧವೋ ಅವರ ಊರಿನ ಝೋನ್ ಹಾಕಬೇಕು. ಗ್ರಾಹಕನ ಕಚೇರಿ ವೇಳೆ ಮುಖ್ಯವಾದರೆ ನ್ಯೂಯಾರ್ಕ್. ನಮ್ಮ ಎರಡನೇ ಶಿಫ್ಟ್ ಶುರುವಾಗುವ ಹೊತ್ತು ಮುಖ್ಯವಾದರೆ ಕೋಲ್ಕತ್ತವೇ ಇರಲಿ, ಆದರೆ ಅವರಿಗೆ ಮೊದಲೇ ಒಂದು ಮೇಲ್ ಹಾಕಿ.

ಗೂಗಲ್ ಕ್ಯಾಲೆಂಡರಿನಲ್ಲಿ ಈ ಕೆಲಸವನ್ನು ಕಂಪ್ಯೂಟರಿನಲ್ಲೇ ಮಾಡಿ, ಮೊಬೈಲಿನಲ್ಲಿ ಬೇಡ. ಮುಂದೆ ಬರಲಿರುವ ಮೊದಲ ಮೀಟಿಂಗ್ ತೆರೆದು ಪೆನ್ಸಿಲ್ ಒತ್ತಿ. ಸಮಯದ ಬದಿಗೆ ‘ಟೈಮ್ ಝೋನ್’ ಎಂದಿರುತ್ತದೆ. ಅಲ್ಲಿ ನ್ಯೂಯಾರ್ಕ್ ಆರಿಸಿ, ಆಮೇಲೆ ಸಮಯವನ್ನೂ ಬೆಳಗಿನ 9 ಎಂದು ಬದಲಿಸಿ. ಬಹಳ ಜನ ಎಡವುವುದು ಇಲ್ಲೇ: ಝೋನ್ ಬದಲಿಸಿ ಸಂಜೆ 7.30 ಅನ್ನು ಹಾಗೇ ಬಿಡುತ್ತಾರೆ. ಅದು ನ್ಯೂಯಾರ್ಕಿನ ಸಂಜೆ 7.30 ಆಗುತ್ತದೆ, ಬೇಸಿಗೆಯಲ್ಲಿ ನಮಗೆ ಮರುದಿನ ಬೆಳಗಿನ ಜಾವ 5. ಸೇವ್ ಮಾಡುವಾಗ ‘ಇದು ಮತ್ತು ಮುಂದಿನವು’ ಎಂಬ ಆಯ್ಕೆ ಒತ್ತಿ. ‘ಎಲ್ಲವೂ’ ಒತ್ತಿದರೆ ಕಳೆದ ವರ್ಷದ ದಾಖಲೆಯೂ ಕಲಸಿಹೋಗುತ್ತದೆ.

ಹಳೆಯ ಔಟ್‌ಲುಕ್‌ನಲ್ಲಿ ‘ಮುಂದಿನವು’ ಎಂಬ ಸೌಲಭ್ಯವಿಲ್ಲ. ಹಳೆ ಸರಣಿಗೆ ಇವತ್ತಿನ ತಾರೀಖು ಹಾಕಿ ಮುಗಿಸಿ, ಹೊಸ ಸರಣಿ ಮಾಡಿ, ಮೀಟಿಂಗ್ ಕಿಟಕಿಯ ‘ಟೈಮ್ ಝೋನ್ಸ್’ ಬಟನ್ ಒತ್ತಿ ಝೋನ್ ಹಾಕಿ. ಯಾವುದರಲ್ಲೇ ಆಗಲಿ, ಮೀಟಿಂಗ್ ಕರೆದವರೇ ಇದನ್ನು ಮಾಡಬೇಕು. ಆಮಂತ್ರಿತರು ತಮ್ಮ ಕಡೆ ತಿದ್ದಿಕೊಂಡರೆ ಉಳಿದವರಿಗೆ ಅದು ಮುಟ್ಟುವುದಿಲ್ಲ.

ಝೋನ್ ಪಟ್ಟಿಯಲ್ಲಿ ಅಂಕಿ ನೋಡಿ ಆರಿಸಬೇಡಿ, ಊರಿನ ಇಲ್ಲವೇ ಝೋನಿನ ಹೆಸರು ನೋಡಿ (ನ್ಯೂಯಾರ್ಕಿಗೆ ವಿಂಡೋಸಿನಲ್ಲಿ ‘ಈಸ್ಟರ್ನ್ ಟೈಮ್’). ವಿಂಡೋಸ್ ಪಟ್ಟಿಯಲ್ಲಿ ‘ಯುಟಿಸಿ ಮೈನಸ್ 5’ ಎಂದು ಹಲವು ಸಾಲುಗಳಿವೆ. ಬೊಗೊಟಾ, ಲಿಮಾ ಇರುವ ಸಾಲು ಆರಿಸಿದರೆ ಗಡಿಯಾರ ಎಂದಿಗೂ ತಿರುಗುವುದಿಲ್ಲ. ವಿಜಯಪುರದಿಂದ ಲಂಡನ್ನಿಗೆ ದ್ರಾಕ್ಷಿ ಕಳಿಸುವವರು ‘ಜಿಎಂಟಿ’ (ಗ್ರೀನಿಚ್ ಸಮಯ) ಒತ್ತಿ ಮೋಸಹೋಗುತ್ತಾರೆ, ಏಕೆಂದರೆ ಲಂಡನ್ ಬೇಸಿಗೆಯಲ್ಲಿ ಜಿಎಂಟಿಯಲ್ಲಿ ಇರುವುದೇ ಇಲ್ಲ. ಅಮೆರಿಕದ ಗ್ರಾಹಕ ಅರಿಝೋನಾದವನಾದರೆ ‘ಮೌಂಟನ್ ಟೈಮ್’ ತಪ್ಪು. ಆ ರಾಜ್ಯದ ಬಹುಭಾಗದಲ್ಲಿ ಡೇಲೈಟ್ ಸೇವಿಂಗೇ ಇಲ್ಲ. ಇಎಸ್‌ಟಿ ಎಂದರೆ ನ್ಯೂಯಾರ್ಕಿನ ಚಳಿಗಾಲದ ಸಮಯ; ಮೇಲ್‌ನಲ್ಲಿ ಜುಲೈನಲ್ಲೂ ‘9 ಇಎಸ್‌ಟಿ’ ಎಂದು ಬರೆಯುವ ಚಟ ಬಿಡಿ, ‘ನ್ಯೂಯಾರ್ಕ್ ಟೈಮ್’ ಎಂದರೆ ಸಾಕು. ಮೀಟಿಂಗಿನ ಹೆಸರಿನಲ್ಲಿ ‘7.30 ಕಾಲ್’ ಎಂದೂ ಬರೆಯಬೇಡಿ. ಸಮಯ ಸರಿಹೋದರೂ ಹೆಸರು ಹಳೆಯದೇ ಉಳಿದು ಜನರನ್ನು ದಾರಿ ತಪ್ಪಿಸುತ್ತದೆ.

ಸರಿಯಾಯಿತೇ ಎಂದು ನಾಲ್ಕು ಸೋಮವಾರ ತೆರೆದು ನೋಡಿ. ನ್ಯೂಯಾರ್ಕಿನ 9ರ ಮೀಟಿಂಗ್ 2026ರ ಮಾರ್ಚ್ 2ರಂದು ನಮ್ಮ 7.30, ಮಾರ್ಚ್ 9ರಂದು 6.30, ಅಕ್ಟೋಬರ್ 26ರಂದು 6.30, ನವೆಂಬರ್ 2ರಂದು ಮತ್ತೆ 7.30 ತೋರಿಸಬೇಕು.

ಬೇರೆ ಸಾಫ್ಟ್‌ವೇರ್ ಕಳಿಸುವ ಐಸಿಎಸ್ ಫೈಲ್ (ಮೀಟಿಂಗಿನ ವಿವರ ಹೊತ್ತ ಕ್ಯಾಲೆಂಡರ್ ಫೈಲ್) ತೊಂದರೆ ಕೊಟ್ಟರೆ ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ, ಬರೀ ಅಕ್ಷರಗಳ ಫೈಲ್ ಅದು. ಮೀಟಿಂಗ್ ಶುರುವಾಗುವ ಸಮಯವಿರುವ ‘ಡಿಟಿಸ್ಟಾರ್ಟ್’ (DTSTART) ಸಾಲು ಹುಡುಕಿ. ಅಂಕಿಗಳ ಕೊನೆಗೆ ಇಂಗ್ಲಿಷಿನ ಝೆಡ್ ಅಕ್ಷರವಿದ್ದರೆ ಸಮಯ ಯುಟಿಸಿಯಲ್ಲಿದೆ. ಒಂದೇ ಸಲದ ಮೀಟಿಂಗಿಗೆ ಅದು ಸರಿ, ವಾರವಾರದ್ದಕ್ಕೆ ಗ್ರಾಹಕನ ಕಡೆ ತಾಸು ಜಿಗಿಯುತ್ತದೆ. ಝೆಡ್ ಕೂಡ ಇಲ್ಲ, ಊರಿನ ಹೆಸರೂ ಇಲ್ಲ ಎಂದರೆ ತೆರೆದವರ ಊರಿನ ಸಮಯವೇ ಗತಿ. ಎರಡೂ ಪ್ರಸಂಗದಲ್ಲಿ ಫೈಲ್ ತಿದ್ದುತ್ತ ಕೂರಬೇಡಿ, ಅಳಿಸಿ ಕೈಯಾರೆ ಹೊಸದು ಮಾಡುವುದೇ ಲೇಸು.

ಕಂಪ್ಯೂಟರಿನ ಗಡಿಯಾರವನ್ನೇ ಒಂದು ತಾಸು ಸರಿಸುವ ಅಡ್ಡದಾರಿ ಬೇಡವೇ ಬೇಡ. ಅಥೆಂಟಿಕೇಟರ್ ಆ್ಯಪ್ ಇರುವ ಫೋನಿನಲ್ಲಿ ಹಾಗೆ ಮಾಡಿದರೆ ಲಾಗಿನ್ ಸಂಖ್ಯೆಗಳೂ ಕೈಕೊಡುತ್ತವೆ. ಫೋನಿನಲ್ಲಿ ಸಮಯ, ಝೋನ್ ಎರಡೂ ‘ಆಟೊಮ್ಯಾಟಿಕ್’ ಇರಲಿ. ಎಕ್ಸೆಲ್ ಹಾಳೆಯಲ್ಲಿ ‘ಹತ್ತೂವರೆ ತಾಸು ಕೂಡಿಸು’ ಎಂದು ಬರೆದಿಟ್ಟ ಸೂತ್ರ ಇದ್ದರೆ ಇವತ್ತೇ ಅಳಿಸಿ.

ಅಪ್‌ಡೇಟ್ ನಿಲ್ಲಿಸಿಟ್ಟ ಹಳೆ ಯಂತ್ರಗಳದ್ದು ಬೇರೆ ಕತೆ. ಮೆಕ್ಸಿಕೊ 2022ರಲ್ಲಿ ದೇಶದ ಬಹುಭಾಗದಲ್ಲಿ ಡೇಲೈಟ್ ಸೇವಿಂಗ್ ಕೈಬಿಟ್ಟಿತು. ಆ ಸುದ್ದಿ ಮುಟ್ಟದ ಕಂಪ್ಯೂಟರ್ ಈಗಲೂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಂದು ತಾಸು ತಪ್ಪು ತೋರಿಸುತ್ತದೆ. ವಿಂಡೋಸ್ ಅಪ್‌ಡೇಟ್ ಬಿಟ್ಟರೆ ಇದಕ್ಕೆ ಮದ್ದಿಲ್ಲ.

ಬೆಳಗಾವಿ, ಜರ್ಮನಿ, ನ್ಯೂಯಾರ್ಕ್ ಮೂರೂ ಸೇರುವ ಕರೆ ಇದ್ದರೆ, ಯಾವ ಝೋನ್ ಹಾಕಿದರೂ ಯಾರಾದರೊಬ್ಬರಿಗೆ ತಾಪತ್ರಯ. ನ್ಯೂಯಾರ್ಕಿನ 9 ಜರ್ಮನಿಗೆ ಸಾಮಾನ್ಯವಾಗಿ ಮಧ್ಯಾಹ್ನ 3. 2026ರ ಮಾರ್ಚ್ 8ರಿಂದ 28ರವರೆಗೆ ಮತ್ತು ಅಕ್ಟೋಬರ್ ಕೊನೆಯ ವಾರ ಮಾತ್ರ 2. ಆ ದಿನಗಳ ಮೀಟಿಂಗುಗಳಿಗೆ ಫೆಬ್ರುವರಿಯಲ್ಲೇ ಮೂರೂ ಊರುಗಳ ಸಮಯ ಬರೆದು ಒಂದು ಮೇಲ್ ಕಳಿಸಿಬಿಡಿ.