ಕೃತಿಚೌರ್ಯದ ದೂರು ಬಂದಾಗ ನಾವು ವಿಚಾರಣೆ ನಡೆಸುವ ಬಗೆ

ಧಾರವಾಡದಲ್ಲಿ ಕನ್ನಡ ಪಿಎಚ್‌ಡಿ ಪ್ರಬಂಧಗಳ ಮೇಲಿನ ದೂರು ವಿಭಾಗದ ಸಮಿತಿಗೆ ಬಂದಾಗ, ಬೇರೆ ಬರಹಗಳೊಂದಿಗಿನ ಹೋಲಿಕೆ ಹುಡುಕುವ ಸಾಫ್ಟ್‌ವೇರಿನ ವರದಿಯ ಮೊದಲ ಪುಟದ ಶೇಕಡಾವಾರನ್ನು ನಾನು ಪಕ್ಕಕ್ಕಿಡುತ್ತೇನೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಹೋಲಿಕೆ ಶೇ 10ರವರೆಗಿದ್ದರೆ ದಂಡನೆಯಿಲ್ಲ. 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಒಂದು ವರ್ಷ ತಿದ್ದಿದ ಪ್ರಬಂಧ ಸಲ್ಲಿಸುವಂತಿಲ್ಲ. ಅದರಾಚೆ ನೋಂದಣಿಯೇ ರದ್ದು. ಆದರೆ ಆಧಾರ ಕೊಟ್ಟ ಉದ್ಧರಣೆ, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ, ಸತತ 14 ಪದಗಳವರೆಗಿನ ಆಕಸ್ಮಿಕ ಹೋಲಿಕೆ ಇವನ್ನೆಲ್ಲ ಕಳೆದ ಮೇಲೆ ಉಳಿದದ್ದಷ್ಟೇ ಲೆಕ್ಕ. ಲಕ್ಕುಂಡಿಯ ಶಾಸನಪಾಠ, ಗದುಗಿನ ಭಾರತದ ಷಟ್ಪದಿ ಯಾರು ಬರೆದರೂ ಒಂದೇ. ಶಿಶುನಾಳ ಷರೀಫರ ಪದವನ್ನು ಸ್ವಂತ ಮಾತಿನಲ್ಲಿ ಬರಿ ಅನ್ನಲಿಕ್ಕೆ ಬರುತ್ತದೆಯೇ?

ಉಲ್ಟಾ ಕೂಡ ಆಗುತ್ತದೆ. ಯುನಿಕೋಡ್ (ಎಲ್ಲ ಕಂಪ್ಯೂಟರುಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲದ ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನ ಪಠ್ಯ ಯಂತ್ರಕ್ಕೆ ಬರೀ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಪುಟಗಟ್ಟಲೆ ಎತ್ತಿದ್ದರೂ ಹೋಲಿಕೆ ತೋರಿಸದೆ ಹೋಗಬಹುದು. ಹೀಗಾಗಿ ಯುನಿಕೋಡಿಗೆ ಪರಿವರ್ತಿಸಿಯೇ ಪರೀಕ್ಷೆಗೆ ಹಾಕಬೇಕು. ಅಂತರ್ಜಾಲಕ್ಕೆ ಬಾರದ ಹಳೆಯ ಪುಸ್ತಕಗಳನ್ನು ಕೈಯಲ್ಲಿ ಹಿಡಿದೇ ತಾಳೆ ನೋಡಬೇಕು.

ನಮ್ಮ ಕೆಲಸದ ಜೀವಾಳ ಮೂರು ಕಾಲಮಿನ ಪಟ್ಟಿ: ಪ್ರಬಂಧದ ಪುಟ ಮತ್ತು ಸಾಲು; ಮೂಲ ಕೃತಿಯ ಆವೃತ್ತಿ, ವರ್ಷ, ಪುಟ; ಮೂರನೆಯದು ವಿದ್ಯಾರ್ಥಿಯ ಉತ್ತರಕ್ಕೆ ಖಾಲಿ. ವರ್ಷ ಬರೆಯುವಾಗಲೇ ಕೆಲವು ಆರೋಪ ಬಿದ್ದುಹೋಗುತ್ತವೆ. ‘ಮೂಲ’ವೇ ಪ್ರಬಂಧಕ್ಕಿಂತ ಈಚಿನದಾಗಿರುತ್ತದೆ, ಇಲ್ಲವೆ ಅದೇ ವಿದ್ಯಾರ್ಥಿಯ ಲೇಖನವಾಗಿರುತ್ತದೆ.

ಈ ಪಟ್ಟಿ, ಪೂರ್ತಿ ವರದಿ, ದೂರಿನ ಪ್ರತಿ ಮೂರನ್ನೂ ನೋಟಿಸಿಗೆ ಲಗತ್ತಿಸುತ್ತೇವೆ. ‘ಕೃತಿಚೌರ್ಯ ಕಂಡುಬಂದಿದೆ, ಸಮಜಾಯಿಷಿ ಕೊಡಿ’ ಎಂಬ ಒಂದು ಸಾಲಿನ ನೋಟಿಸು ಕೆಲಸಕ್ಕೆ ಬಾರದು. ಯಾವ ಪುಟಕ್ಕೆ ಉತ್ತರಿಸಬೇಕೆಂದೇ ತಿಳಿಯುವುದಿಲ್ಲ. ‘ಕಂಡುಬಂದಿದೆ’ ಎಂದಮೇಲೆ ಸಮಿತಿ ಮೊದಲೇ ನಿರ್ಧರಿಸಿದಂತಾಯಿತು. ಉತ್ತರಕ್ಕೆ ಹದಿನೈದು ದಿನ ಕೊಟ್ಟರೂ ವಿಭಾಗದ ಸಮಿತಿಗೆ ನಿಯಮ ಕೊಟ್ಟ 45 ದಿನಗಳ ಗಡುವಿನಲ್ಲಿ ವರದಿ ಮುಗಿಯುತ್ತದೆ, ದೂರು ಕಪಾಟಿನಲ್ಲಿ ಕೂತಿರದಿದ್ದರೆ.

ಸಮಿತಿಯಲ್ಲಿ ಮೂವರು: ವಿಭಾಗದ ಮುಖ್ಯಸ್ಥರು, ಹೊರ ವಿಭಾಗದ ಹಿರಿಯರೊಬ್ಬರು, ತಂತ್ರಾಂಶ ಬಲ್ಲವರೊಬ್ಬರು. ಮಾರ್ಗದರ್ಶಕರು ಸಾಕ್ಷಿಯಾಗಿ ಬರಲಿ, ನಿರ್ಣಯಕ್ಕೆ ಕೂರುವುದು ಬೇಡ. ವಿಚಾರಣೆಯ ನಡುವೆ ಹೊಸ ದಾಖಲೆ ಸಿಕ್ಕರೆ ಅದರ ಪ್ರತಿ ಕೊಟ್ಟು ಮುಂದೂಡುತ್ತೇವೆ. ನಡಾವಳಿಗೆ ಅಂದೇ ಸಹಿ.

ವರದಿಯಲ್ಲಿ ಪಟ್ಟಿಯ ಪ್ರತಿ ಸಾಲಿಗೂ ಕಾರಣ ಬರೆಯಬೇಕು. ‘ಉತ್ತರ ಸಮಾಧಾನಕರವಾಗಿಲ್ಲ’ ಎಂಬುದು ಕಾರಣವಲ್ಲ. ಪರೀಕ್ಷಾ ಅಕ್ರಮದಲ್ಲಿ ಶಿಕ್ಷಿಸುವ ಮುನ್ನ ಅಭ್ಯರ್ಥಿಯ ಮಾತು ಕೇಳಲೇಬೇಕೆಂದು ಸುಪ್ರೀಂ ಕೋರ್ಟು 1962ರಲ್ಲೇ ಘನಶ್ಯಾಮ್ ದಾಸ್ ಗುಪ್ತಾ ಪ್ರಕರಣದಲ್ಲಿ ಹೇಳಿದೆ. ಕಾರಣವಿಲ್ಲದ ಆದೇಶವನ್ನು ಇಲ್ಲೇ ಧಾರವಾಡದ ಹೈಕೋರ್ಟ್ ಪೀಠದಲ್ಲಿ ರಿಟ್ ಅರ್ಜಿ ಹಾಕಿ ಪ್ರಶ್ನಿಸಬಹುದು.

ನಮ್ಮ ವರದಿ ಮುಂದೆ ಇಡೀ ಸಂಸ್ಥೆಯ ಮಟ್ಟದ ಸಮಿತಿಗೆ ಹೋಗುತ್ತದೆ, ಅದಕ್ಕೆ ಮತ್ತೆ 45 ದಿನ. ಅದರ ವರದಿಯ ಪ್ರತಿ ಆರೋಪಿತರಿಗೆ ಸಿಗಲೇಬೇಕು. ಮೇಲ್ಮನವಿ ಮುಗಿಯುವವರೆಗೆ ದಂಡನೆ ಇಲ್ಲ. ಅಲ್ಲಿಯವರೆಗೆ ಹೆಸರು ನೋಟಿಸ್ ಬೋರ್ಡಿಗೋ ವಿಭಾಗದ ವಾಟ್ಸ್‌ಆ್ಯಪ್ ಗುಂಪಿಗೋ ಹೋಗದಂತೆ ನೋಡಿಕೊಳ್ಳುವುದು ಅಧ್ಯಕ್ಷರ ಕೆಲಸ.