ಅಂಗಾಲು ಉರಿಯುತ್ತಿದ್ದರೆ ಮೊದಲು ಕ್ಲೀಟನ್ನು ಹಿಂದಕ್ಕೆ ಸರಿಸಿ ನೋಡಿ

ಸೈಕಲ್ ಸವಾರಿಯಲ್ಲಿ ಸುಮಾರು 40 ಕಿಲೋಮೀಟರ್ ದಾಟುತ್ತಿದ್ದಂತೆ ನನ್ನ ಬಲಗಾಲಿನ ಎರಡನೇ ಮತ್ತು ಮೂರನೇ ಬೆರಳಿನ ಬುಡದಲ್ಲಿ ಉರಿ ಶುರುವಾಗುತ್ತಿತ್ತು. ಮೊದಲು ಜುಮ್ಮೆನ್ನುತ್ತಿತ್ತು, ಆಮೇಲೆ ಕೆಂಡ ತುಳಿದ ಹಾಗೆ. ರಸ್ತೆ ಬದಿಗೆ ನಿಂತು ಶೂ ಬಿಚ್ಚಿ ಬೆರಳುಗಳನ್ನು ಮಡಿಸಿ ಬಿಡಿಸಿದರೆ ಐದು ನಿಮಿಷದಲ್ಲಿ ಇಳಿಯುತ್ತಿತ್ತು, ಮತ್ತೆ ಹತ್ತು ಕಿಲೋಮೀಟರ್ ತುಳಿಯುವಷ್ಟರಲ್ಲಿ ವಾಪಸ್ಸು ಬರುತ್ತಿತ್ತು. ತೆಳು ಕಾಲುಚೀಲ, ದಪ್ಪ ಇನ್‌ಸೋಲ್, ಕೊನೆಗೆ ಹೊಸ ಶೂ, ಎಲ್ಲ ಆಯಿತು. ಉರಿ ಹೋದದ್ದು ಕ್ಲೀಟನ್ನು, ಅಂದರೆ ಶೂವಿನ ಅಟ್ಟೆಗೆ ಬೋಲ್ಟಿನಿಂದ ಕೂರಿಸಿ ಪೆಡಲಿಗೆ ಸಿಕ್ಕಿಸುವ ತುಂಡನ್ನು, 6 ಮಿಲಿಮೀಟರ್ ಹಿಮ್ಮಡಿಯ ಕಡೆಗೆ ಸರಿಸಿದ ಮೇಲೆ.

ಸುಳಿವು ಸಿಕ್ಕಿದ್ದು ಹಳೆಯ ಇನ್‌ಸೋಲಿನಲ್ಲಿ. ಅದನ್ನು ಹೊರಗೆ ತೆಗೆದು ಬೆಳಕಿಗೆ ಓರೆಯಾಗಿ ಹಿಡಿದಾಗ ಹೆಬ್ಬೆರಳಿನ ಬುಡದಲ್ಲಿ ಒಂದು ಮಾಸಲು ಗುರುತು, ಅದರ ಪಕ್ಕದಲ್ಲಿ ಹುಣಸೆಬೀಜದಷ್ಟು ಅಗಲದ ಆಳವಾದ ಗುಳಿ ಕಂಡಿತು. ಬಟ್ಟೆ ಅಲ್ಲಿ ನುಣ್ಣಗೆ ಹೊಳೆಯುತ್ತಿತ್ತು. ಎಡಗಾಲಿನದರಲ್ಲಿ ಆ ಗುಳಿ ಇರಲಿಲ್ಲ. ನಿಮ್ಮ ಇನ್‌ಸೋಲನ್ನೂ ಒಮ್ಮೆ ತೆಗೆದು ನೋಡಿ, ಭಾರ ಎಲ್ಲಿ ಬೀಳುತ್ತಿದೆ ಎಂದು ಅದೇ ಹೇಳುತ್ತದೆ.

ಬೆರಳುಗಳ ಬುಡದಲ್ಲಿ ಐದು ಉದ್ದ ಮೂಳೆಗಳ ತುದಿಗಳಿವೆ. ಅವುಗಳ ಸಂದಿಯಲ್ಲಿ ನರಗಳು ಹಾದುಹೋಗುತ್ತವೆ. ಸೈಕಲ್ ಶೂವಿನ ಅಟ್ಟೆ ಗಡುಸಾಗಿರುವುದರಿಂದ ನಡೆಯುವಾಗಿನಂತೆ ಪಾದ ಬಾಗುವುದಿಲ್ಲ, ಭಾರ ಜಾಗ ಬದಲಿಸುವುದೂ ಇಲ್ಲ. ಪೆಡಲಿನ ಅಚ್ಚು ನೇರವಾಗಿ ಆ ಮೂಳೆ ತುದಿಗಳ ಕೆಳಗೋ ಇನ್ನೂ ಮುಂದಕ್ಕೋ ಇದ್ದರೆ, ಗಂಟೆಗೆ ಸಾವಿರಾರು ಸಲ ಒಂದೇ ಜಾಗ ಒತ್ತಿಸಿಕೊಳ್ಳುತ್ತದೆ. ಕ್ಲೀಟನ್ನು ಹಿಂದಕ್ಕೆ ತಂದರೆ ಒತ್ತಡದಲ್ಲಿ ಸ್ವಲ್ಪ ಪಾಲು ಪಾದದ ನಡುಭಾಗಕ್ಕೆ ಹೋಗುತ್ತದೆ. ಮೀನಖಂಡಕ್ಕೂ ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜಿಗೂ ಕೆಲಸ ಕಡಿಮೆಯಾಗುತ್ತದೆ.

ಬೋಲ್ಟಿಗೆ ಕೈ ಹಾಕುವ ಮುನ್ನ ಒಂದು ಸವಾರಿಯಲ್ಲಿ ಶೂವಿನ ಮುಂದಿನ ಪಟ್ಟಿಯನ್ನು ಸಡಿಲ ಬಿಟ್ಟು ನೋಡಿ. ಸೆಕೆಗೆ, ದೂರಕ್ಕೆ ಪಾದ ಊದುತ್ತದೆ. ಪಟ್ಟಿ ಬಿಗಿಯಾಗಿದ್ದರೆ ಮೂಳೆಗಳು ಒಂದಕ್ಕೊಂದು ಅದುಮಿಕೊಳ್ಳುತ್ತವೆ. ಕಿರುಬೆರಳಿನ ಅಂಚು ಮಾತ್ರ ನೋಯುತ್ತಿದ್ದರೆ ಶೂವಿನ ಅಗಲ ಸಾಲದೆ ಇರಬಹುದು, ಆಗ ಕ್ಲೀಟು ಎಷ್ಟು ಸರಿಸಿದರೂ ಪ್ರಯೋಜನ ಕಡಿಮೆ. ಸಡಿಲ ಬಿಟ್ಟರೂ ಬೆರಳ ಬುಡದ ಉರಿ ಹಾಗೇ ಉಳಿದರೆ ಮುಂದುವರಿಯಿರಿ.

ಈಗ ಇರುವ ಜಾಗವನ್ನು ಗುರುತು ಮಾಡದೆ ಬೋಲ್ಟು ಸಡಿಲಿಸಬೇಡಿ. ಅಟ್ಟೆಯನ್ನು ಒರೆಸಿ, ಕ್ಲೀಟಿನ ಸುತ್ತಲೂ ಬೆಳ್ಳಿ ಬಣ್ಣದ ಮಾರ್ಕರಿನಿಂದ ಗೆರೆ ಎಳೆದು ಫೋಟೋ ತೆಗೆದಿಡಿ. ನಾನು ಮೊದಲ ಸಲ ಇದನ್ನು ಮಾಡದೆ, ಹಳೆಯ ಜಾಗ ಮತ್ತೆ ಸಿಗದೆ ಎರಡು ವಾರ ಮಂಡಿ ನೋವು ಅನುಭವಿಸಿದೆ.

ಇನ್ನು ಮೂಳೆ ಹುಡುಕುವುದು. ಶೂ ಹಾಕಿ, ಸವಾರಿಗೆ ಕಟ್ಟುವಷ್ಟೇ ಬಿಗಿಯಾಗಿ ಕಟ್ಟಿ. ಪಾದದ ಒಳಮಗ್ಗುಲಲ್ಲಿ ಹೆಬ್ಬೆರಳಿನ ಹಿಂದೆ ಉಬ್ಬಿದ ಗಂಟನ್ನು ಶೂವಿನ ಮೇಲಿಂದಲೇ ಬೆರಳಿನಿಂದ ಒತ್ತಿ ಹುಡುಕಿ. ಹೆಬ್ಬೆರಳನ್ನು ಮೇಲೆ ಕೆಳಗೆ ಆಡಿಸಿದರೆ ಆ ಗಂಟಿನ ಬಳಿ ಕೀಲು ಅಲುಗುವುದು ಕೈಗೆ ತಿಳಿಯುತ್ತದೆ. ಅಲ್ಲಿ ಒಂದು ತುಂಡು ಟೇಪ್ ಅಂಟಿಸಿ ಚುಕ್ಕಿ ಇಡಿ. ಹೊರಮಗ್ಗುಲಲ್ಲಿ ಕಿರುಬೆರಳಿನ ಹಿಂದೆಯೂ ಇಂಥದೇ ಗಂಟಿದೆ, ಒಳಗಿನದಕ್ಕಿಂತ ಒಂದಿಷ್ಟು ಹಿಂದಕ್ಕೆ. ಅಲ್ಲೂ ಚುಕ್ಕಿ ಇಡಿ. ಎರಡನ್ನೂ ಅಟ್ಟೆಯ ಕಡೆಗೆ ಗೆರೆಯಾಗಿ ಇಳಿಸಿ. ಪೆಡಲಿನ ಅಚ್ಚು ಈ ಎರಡು ಗೆರೆಗಳ ನಡುವೆ ಬರುವುದು ಸಾಮಾನ್ಯ ಆರಂಭದ ಜಾಗ. ಉರಿ ಇರುವವರು ಕಿರುಬೆರಳಿನ ಗೆರೆಯ ಕಡೆಗೆ ಹೋಗಬೇಕು, ಅದನ್ನು ದಾಟಿದರೂ ತಪ್ಪಿಲ್ಲ. ನನ್ನ ಕ್ಲೀಟು ಹೆಬ್ಬೆರಳಿನ ಗೆರೆಗಿಂತಲೂ ಮುಂದಿತ್ತು!

ಮೂರು ಬೋಲ್ಟಿನ ಕೆಲವು ಕ್ಲೀಟುಗಳ ಪಕ್ಕದಲ್ಲಿ ಅಚ್ಚಿನ ನಡು ತೋರಿಸುವ ಸಣ್ಣ ಗೆರೆ ಇರುತ್ತದೆ. ಎರಡು ಬೋಲ್ಟಿನದರಲ್ಲಿ ಬೋಲ್ಟುಗಳ ಸಾಲೇ ಹೆಚ್ಚುಕಡಿಮೆ ಅಚ್ಚಿನ ಮೇಲೆ ಬರುತ್ತದೆ. ಇಂಥ ಶೂಗಳಲ್ಲಿ ಹಲವಕ್ಕೆ ಹಿಂದೆ ಮುಂದೆ ಎರಡು ಸಾಲು ತೂತುಗಳಿರುತ್ತವೆ. ಮುಂದಿನ ಸಾಲಿನಲ್ಲಿ ಕೂತಿದ್ದರೆ ಹಿಂದಿನದಕ್ಕೆ ಬದಲಿಸಿ.

4 ಮಿಲಿಮೀಟರ್ ಅಲೆನ್ ಕೀಯಿಂದ ಬೋಲ್ಟುಗಳನ್ನು ಕ್ಲೀಟು ಜರುಗುವಷ್ಟು ಮಾತ್ರ ಸಡಿಲಿಸಿ. ಒಂದು ಸಲಕ್ಕೆ 2ರಿಂದ 3 ಮಿಲಿಮೀಟರ್ ಸಾಕು, ಎರಡೂ ಕಾಲಿಗೆ. ಸರಿಸುವಾಗ ಕ್ಲೀಟಿನ ಮೂತಿ ಓರೆಯಾಗದ ಹಾಗೆ ನೋಡಿಕೊಳ್ಳಿ. ಬೋಲ್ಟಿನ ಎಳೆಗೆ ಒಂದು ತೊಟ್ಟು ಗ್ರೀಸು ಹಚ್ಚಿ, ಸರದಿಯಲ್ಲಿ ಸ್ವಲ್ಪ ಸ್ವಲ್ಪವಾಗಿ 5ರಿಂದ 6 ನ್ಯೂಟನ್ ಮೀಟರ್‌ವರೆಗೆ (ತಿರುಚುವ ಬಲದ ಅಳತೆ) ಬಿಗಿಯಿರಿ. ಸಡಿಲವಾದ ಕ್ಲೀಟು ಪೆಡಲಿನಲ್ಲೇ ಉಳಿದು ಶೂ ಮಾತ್ರ ತಿರುಗಿದರೆ ಕಾಲು ಬಿಡಿಸಿಕೊಳ್ಳಲು ಆಗುವುದಿಲ್ಲ, ಆದ್ದರಿಂದ ಈ ಕೆಲಸದಲ್ಲಿ ಅವಸರ ಬೇಡ. ರಸ್ತೆಗಿಳಿಯುವ ಮುನ್ನ ಗೋಡೆ ಹಿಡಿದು ಹತ್ತು ಸಲ ಹಾಕಿ ತೆಗೆದು ನೋಡಿ.

ಕ್ಲೀಟು ಹಿಂದಕ್ಕೆ ಹೋದರೆ ಶೂವಿನ ಮೂತಿ ಮುಂದಕ್ಕೆ ಬರುತ್ತದೆ. ನಿಧಾನವಾಗಿ ಹ್ಯಾಂಡಲ್ ತಿರುಗಿಸುವಾಗ ಮೂತಿ ಮುಂದಿನ ಚಕ್ರಕ್ಕೆ ತಗಲುತ್ತದೆಯೇ ಎಂದು ನಿಂತಲ್ಲೇ ಪರೀಕ್ಷಿಸಿ. ಸೀಟೂ ಒಂದಿಷ್ಟು ಎತ್ತರವಾದಂತೆ ಅನಿಸುತ್ತದೆ. ನಾನು 6 ಮಿಲಿಮೀಟರಿಗೆ ಸೀಟನ್ನು 2 ಮಿಲಿಮೀಟರ್ ಇಳಿಸಿದೆ, ಸೊಂಟ ಓಲಾಡುವುದು ನಿಂತಿತು. ಎದ್ದು ನಿಂತು ಜೋರಾಗಿ ತುಳಿಯುವಾಗಿನ ಚುರುಕು ಮಾತ್ರ ತುಸು ತಗ್ಗಿದೆ. ದೂರ ಸವಾರಿ ಮಾಡುವ ನನಗೆ ಅದು ದೊಡ್ಡ ನಷ್ಟವಲ್ಲ.

ಕೋನದ ವಿಷಯ ಬೇರೆ, ಅದನ್ನು ಇದೇ ದಿನ ಮುಟ್ಟಬೇಡಿ. ಎತ್ತರದ ಮೇಜಿನ ಮೇಲೆ ಕೂತು ಕಾಲು ಇಳಿಬಿಟ್ಟಾಗ ಬೆರಳುಗಳು ಹೊರಗೆ ತಿರುಗಿದ್ದರೆ ಕ್ಲೀಟಿನ ಮೂತಿ ಹೆಬ್ಬೆರಳಿನ ಕಡೆಗೆ ತುಸು ವಾಲಬೇಕು. ಹಿಮ್ಮಡಿ ಕ್ರ್ಯಾಂಕಿಗೆ (ಪೆಡಲನ್ನು ಹಿಡಿದಿರುವ ತೋಳಿಗೆ) ಉಜ್ಜುತ್ತಿದ್ದರೆ ಇಡೀ ಕ್ಲೀಟನ್ನು ಶೂವಿನ ಒಳಅಂಚಿಗೆ ಸರಿಸಿ, ಪಾದ ಹೊರಗೆ ಹೋಗುತ್ತದೆ. ಕ್ಲೀಟು ಕೊಳ್ಳುವಾಗ ಬಣ್ಣ ನೋಡಿಕೊಳ್ಳಿ, ಪೆಡಲಿಗೆ ಸಿಕ್ಕಿಸಿದ ಮೇಲೂ ಹಿಮ್ಮಡಿ ಎಷ್ಟು ಅತ್ತಿತ್ತ ಆಡಬಹುದು ಎಂದು ಅದು ತೋರಿಸುತ್ತದೆ: ಶಿಮಾನೋ ಕಂಪನಿಯ ಎಸ್‌ಪಿಡಿ-ಎಸ್‌ಎಲ್ ಕ್ಲೀಟಿನಲ್ಲಿ ಹಳದಿಗೆ 6 ಡಿಗ್ರಿ ಆಡುವ ಜಾಗ, ನೀಲಿಗೆ 2, ಕೆಂಪಿಗೆ ಸೊನ್ನೆ. ಲುಕ್ ಕಂಪನಿಯ ಕಿಯೋ ಕ್ಲೀಟಿನಲ್ಲಿ ಕೆಂಪೇ ಹೆಚ್ಚು ಆಡುವುದು, 9 ಡಿಗ್ರಿ. ಅಲ್ಲಿ ಸೊನ್ನೆ ಎಂದರೆ ಕಪ್ಪು.

ಪ್ರತಿ ಬದಲಾವಣೆಯ ಮೇಲೂ ಎರಡು ಮೂರು ಸವಾರಿ ಕೊಡಿ, ಅದರಲ್ಲಿ ಒಂದಾದರೂ ನಿಮಗೆ ಉರಿ ಹತ್ತುವಷ್ಟು ದೂರದ್ದಾಗಿರಲಿ. ನನಗೆ ಮೊದಲ 3 ಮಿಲಿಮೀಟರಿಗೆ ಉರಿ 40ರಿಂದ 70 ಕಿಲೋಮೀಟರಿಗೆ ಮುಂದೂಡಿತು, ಮುಂದಿನ 3ಕ್ಕೆ ಪೂರ್ತಿ ನಿಂತಿತು. ಸೈಕಲ್ ಇಳಿದ ಮೇಲೂ, ರಾತ್ರಿ ಮಲಗಿದಾಗಲೂ ಬೆರಳು ಮರಗಟ್ಟಿಯೇ ಇದ್ದರೆ ಅಲೆನ್ ಕೀ ಕೆಳಗಿಟ್ಟು ವೈದ್ಯರಿಗೆ ತೋರಿಸಿ. ಜಾಗ ಸರಿಹೋದ ದಿನ ಶೂವಿನ ಹಿಮ್ಮಡಿಯ ತುದಿಯಿಂದ ಕ್ಲೀಟಿನ ಹಿಂಬದಿಗೆ ಎಷ್ಟು ದೂರ ಎಂದು ಅಳೆದು, ಆ ಅಂಕಿಯನ್ನು ಇನ್‌ಸೋಲಿನ ಅಡಿಯಲ್ಲಿ ಬರೆದಿಡಿ. ಕ್ಲೀಟು ಸವೆದು ಹೊಸದು ಹಾಕುವಾಗ ಅದೇ ಅಳತೆಗೆ ಕೂರಿಸಬಹುದು.